ತಾರೀಖಿಲ್ಲದ ಲಗ್ನಪತ್ರಿಕೆ

ನನ್ನ ಲಗ್ನಪತ್ರಿಕೆಯಲ್ಲಿ ತಾರೀಖು ಇರಲಿಲ್ಲ. ಮನೆದೇವರ ಹೆಸರಿತ್ತು, ಎರಡೂ ಮನೆಯ ಹಿರಿಯರ ಹೆಸರಿದ್ದವು, ಯಾರೂ ಮುನಿಸಿಕೊಳ್ಳಬಾರದೆಂದು ಸೋದರಮಾವಂದಿರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಮುಹೂರ್ತದ ಜಾಗದಲ್ಲಿ ಮಾತ್ರ ‘ಸಕಾಲದಲ್ಲಿ ತಿಳಿಸಲಾಗುವುದು’ ಎಂದಿತ್ತು. ಹೊಸಪೇಟೆಯ ಪ್ರೆಸ್ಸಿನವರು ಅದನ್ನು ಓದಿ, “ಸಾವ್ಕಾರ್ರ, ಹುಡುಗ ಇನ್ನೂ ಒಪ್ಪಿಲ್ಲೇನ್ರಿ?” ಎಂದು ಮೆತ್ತಗೆ ಕೇಳಿದರಂತೆ. ಅಪ್ಪ ಆಚೀಚೆ ನೋಡಿ, “ಇದು ದೇಶದ ವಿಷಯ, ಜಾಸ್ತಿ ಕೇಳಬ್ಯಾಡ್ರಿ” ಎಂದು ಹೇಳಿ ಬಂದಿದ್ದರು. ಮನೆಗೆ ಬಂದು ಅದನ್ನೇ ನಾಲ್ಕು ಸಲ ಹೇಳಿದರು. ಜೀವನದಲ್ಲಿ ಅಂಥ ಮಾತು ಆಡುವ ಅವಕಾಶ ಅವರಿಗೆ ಅದಕ್ಕೂ ಮೊದಲು ಸಿಕ್ಕಿರಲಿಲ್ಲ.

ಅಪ್ಪನದು ತಾಡಪತ್ರಿ ಅಂಗಡಿ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಇರುವೆ ಸಾಲಿನಂತೆ ಇಳಿದು ಬರುತ್ತಿದ್ದ ಕಾಲ ಅದು. ಅದಿರಿನ ಮೇಲೆ ಹೊದಿಸಲು ತಾಡಪತ್ರಿ ಬೇಕಲ್ಲ, ನಮ್ಮಲ್ಲಿ ಹೊಲಿಯುವ ಮಿಷನ್ನು ನಿಲ್ಲುತ್ತಲೇ ಇರಲಿಲ್ಲ. ಬಿಎಸ್ಸಿ ಮುಗಿಸಿ ನಾನು ಗಲ್ಲಾದ ಮೇಲೆ ಕೂತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಚೌಕಾಸಿ ಮಾಡುವ ಡ್ರೈವರುಗಳು ಮೊದಲು ಒಳಗೆ ಇಣುಕಿ, ನಾನಿದ್ದರೆ ಚಹಾ ಕುಡಿದು ಬರುತ್ತೇವೆಂದು ಜಾರಿಕೊಳ್ಳುತ್ತಿದ್ದರು.

ಹುಡುಗ ಕಂಪ್ಲಿಯವರು. ದೂರದ ಸಮುದ್ರದಂಡೆಯಲ್ಲಿ ರಾಕೆಟ್ ಬಿಡುತ್ತಾರಲ್ಲ, ಅಲ್ಲಿ ಇಂಜಿನಿಯರು. ರಾಕೆಟ್ ಹೋಗುವುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದವರೇ. ಇಂಥ ದಿನ, ಇಂಥ ಹೊತ್ತಿಗೆ ಎಂದು ಪೇಪರಿನಲ್ಲಿ ಮೊದಲೇ ಬರುತ್ತಿತ್ತು. ಆದರೆ ನಿಶ್ಚಯದ ದಿನ ಪಂಕ್ತಿಯಲ್ಲಿ ಕೂತಾಗ ಅವರು ಅಪ್ಪನಿಗೆ, “ಮಾವಾರ, ಈಗೊಂದು ಐತ್ರಿ, ಬ್ಯಾರೆ ನಮೂನಿದು. ಅದು ಹೋಗೂತನಕ ನನಗ ರಜಾ ಇಲ್ಲ. ಯಾವಾಗ ಹೋಗ್ತದಂತ ಹೇಳೂದಕ್ಕ ಬರೂದಿಲ್ರಿ” ಎಂದರು.

“ಮಿಲಿಟ್ರಿದೇನು?” ಎಂದು ಅಪ್ಪ ಕೇಳಿದರು. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಅಪ್ಪ ಮತ್ತೆ ಕೇಳಿದರು. ಅವರು ಮತ್ತೆ ತುಪ್ಪ ಹಾಕಿಸಿಕೊಂಡರು. ಹೋಳಿಗೆ ತುಪ್ಪದಲ್ಲಿ ತೇಲತೊಡಗಿದ ಮೇಲೆ, ಅದು ಮಿಲಿಟರಿಯದೇ ಎಂದು ನಮ್ಮ ಮನೆಯಲ್ಲಿ ಖಾತ್ರಿಯಾಯಿತು.

ಆಮೇಲೆ ಅವರು ಹಿತ್ತಲಲ್ಲಿ ಸಿಕ್ಕಾಗ ನಾನೂ ಕೇಳಿದೆ, “ನನಗರ ಹೇಳ್ರಿ. ನಾನೇನು ವೈರಿ ದೇಶದಾಕಿ ಏನು?”

“ಯಾರಿಗೂ ಹೇಳೂದಿಲ್ಲ. ಅವ್ವಗೂ ಹೇಳೂದಿಲ್ಲ” ಎಂದರು. ಅವ್ವನಿಗೂ ಇಲ್ಲ ಅಂದಮೇಲೆ ನನಗಿಲ್ಲ ಎಂದರೆ ಅವಮಾನವೇನೂ ಅಲ್ಲ ಎಂದುಕೊಂಡು ಸಿಟ್ಟನ್ನು ಒಳಗೇ ಇಟ್ಟೆ.

ಮುಹೂರ್ತ ತೆಗೆಯಲು ಮಠದ ಅಯ್ಯನವರು ಬಂದರು. ನಮ್ಮ ಇಬ್ಬರ ಹೆಸರಿಗೆ ಕೂಡಿಬರುವ ಒಳ್ಳೆಯ ದಿನಗಳು ಮೂರೇ ಇದ್ದವು. ಅಪ್ಪನ ತಾಯಿ, ನಮ್ಮ ಅಜ್ಜಿ, ಎಲೆ ಅಡಿಕೆ ಮಡಚುತ್ತಾ ಲೆಕ್ಕ ಹಾಕಿದಳು. “ಸರಕಾರದವರೂ ಪಂಚಾಂಗ ನೋಡೇ ಬಿಡ್ತಾರ. ಅಷ್ಟು ದೊಡ್ಡದನ್ನ ರಾಹುಕಾಲದಾಗ ಬಿಡಾಕ ಅವರಿಗೇನು ತಲಿ ಕೆಟ್ಟೈತೇನು? ಈ ಮೂರರಾಗ ಒಂದು ರಾಕೆಟ್ಟಿಂದು. ಅದು ಯಾವ್ದು ಅಂತ ಗೊತ್ತಾದ್ರ ಉಳಿದಿದ್ದರಾಗ ನಮ್ದು ಮಾಡೂಣು.” ಅಯ್ಯನವರು ತಲೆದೂಗಿದರು. ಬಿಎಸ್ಸಿ ಓದಿದ ನಾನೂ ತಲೆದೂಗಿದೆ, ಆ ಕ್ಷಣಕ್ಕೆ ಅದಕ್ಕಿಂತ ಸರಿಯಾದ ಮಾತು ಇನ್ನೊಂದು ಇರಲಿಲ್ಲ.

ಅಪ್ಪ ಹುಡುಗನಿಗೆ ಫೋನ್ ಹಚ್ಚಿ ಒಂದೊಂದೇ ದಿನ ಕೇಳಿದರು. ಪ್ರತಿಯೊಂದಕ್ಕೂ “ಹೇಳೂದಕ್ಕ ಬರೂದಿಲ್ರಿ” ಎಂಬುದೇ ಉತ್ತರ. ಅಜ್ಜಿ ಫೋನ್ ಕಸಿದುಕೊಂಡಳು. “ತಮ್ಮಾ, ನೀ ಏನೂ ಹೇಳಬ್ಯಾಡ. ನಾ ದಿನಾ ಹೇಳ್ತೀನಿ. ಯಾವ ದಿನ ಆಗೂದಿಲ್ಲೋ, ಅದಕ್ಕ ಸುಮ್ನ ಒಂದ್ಸಲ ಕೆಮ್ಮು. ಕೆಮ್ಮಿದ್ರ ಯಾವ ಕಾನೂನಿನಾಗೂ ತಪ್ಪಿಲ್ಲ.” ನಾವೆಲ್ಲ ಫೋನಿನ ಸುತ್ತ ಕಿವಿಯಿಟ್ಟು ಕೂತೆವು. ಅಜ್ಜಿ ಮೊದಲ ದಿನ ಹೇಳಿದಳು. ಆ ಕಡೆಯಿಂದ ಕೆಮ್ಮು ಬಂತು. ಅಪ್ಪ ತೊಡೆ ತಟ್ಟಿಕೊಂಡರು. ಎರಡನೆಯದಕ್ಕೂ ಕೆಮ್ಮು ಬಂತು. ಮೂರನೆಯದನ್ನು ಅಜ್ಜಿ ಹೇಳಿ ಮುಗಿಸುವ ಮೊದಲೇ ಕೆಮ್ಮು ಶುರುವಾಗಿ ನಿಲ್ಲದೇ ಹೋಯಿತು. “ಅಜ್ಜೀ, ನನಗ ನೆಗಡಿ ಆಗೈತಿ” ಎಂದು ಪಾಪ ಉಸಿರು ಹಿಡಿದು ಹೇಳಿದರು. ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ.

ಕಡೆಗೆ ಮೂರನೆಯ ದಿನವೇ ಇರಲಿ ಎಂದಾಯಿತು. ಅಷ್ಟರೊಳಗೆ ರಾಕೆಟ್ಟು ತನ್ನ ಮುಹೂರ್ತ ಮುಗಿಸಿಕೊಂಡಿರುತ್ತದೆ ಎಂಬುದು ಅಜ್ಜಿಯ ಅಂದಾಜು. ಅವರಿಗೆ ತಿಳಿಸಿದರೆ “ಬರಾಕ ನೋಡ್ತೀನಿ” ಎಂದರು. ನೋಡ್ತೀನಿ ಎನ್ನುವ ಮದುಮಗನನ್ನು ನಂಬಿ ಅರಿಶಿಣ ಹಚ್ಚಿಕೊಳ್ಳುವುದು ಹೇಗೆ ಎಂಬ ಚಿಂತೆ ನನಗೆ. ಅಜ್ಜಿಗೆ ಆ ಚಿಂತೆ ಇರಲಿಲ್ಲ, ಅವಳಿಗೆ ಬೇರೆಯದೇ ಹೊಳೆದಿತ್ತು. “ನಮ್ಮ ದಿನ ಊರಿಗೆ ಗೊತ್ತಾದ್ರ, ಅದಕ್ಕೂ ಮೊದಲ ರಾಕೆಟ್ ಹೋಗ್ತದಂತ ವೈರಿ ಲೆಕ್ಕಾ ಹಾಕ್ತಾನ. ಪತ್ರಿಕಿಯಾಗ ದಿನಾ ಹಾಕಬ್ಯಾಡ್ರಿ.” ಹೀಗೆ ಮುಚ್ಚಿಡಿ ಎಂದು ಯಾರೂ ಕೇಳಿರಲಿಲ್ಲ, ಮದುಮಗನಂತೂ ಕೇಳಿರಲೇ ಇಲ್ಲ. ಆದರೆ ಅಪ್ಪನಿಗೆ ಅದು ಭಾಳ ರುಚಿಸಿಬಿಟ್ಟಿತು.

ಕಲ್ಯಾಣಮಂಟಪ ಹುಡುಕುವ ತೊಂದರೆಯಿರಲಿಲ್ಲ. ಎಲ್ಲ ಮಂಟಪಗಳನ್ನೂ ಗಣಿಯವರು ಹಿಡಿದುಬಿಟ್ಟಿದ್ದರಿಂದ, ಅಂಗಡಿಯ ಹಿಂದಿನ ಬಯಲಲ್ಲೇ ನಮ್ಮ ತಾಡಪತ್ರಿಗಳ ಚಪ್ಪರ ಎಂದು ಅಪ್ಪ ತೀರ್ಮಾನಿಸಿದ್ದರು. ತೊಂದರೆ ಬಂದದ್ದು ಬಂಧುಗಳಿಂದ. ಮರಿಯಮ್ಮನಹಳ್ಳಿಯ ದೊಡ್ಡಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟು ಫೋನಿನ ಪಕ್ಕ ಕೂಡುತ್ತಿದ್ದರಂತೆ. ಸಂಡೂರಿನ ಸೋದರತ್ತೆ, “ಇಸ್ತ್ರಿ ಮಾಡಿದ ಸೀರಿ ಮತ್ತ ಮುದ್ದಿ ಆತು, ಇವತ್ತರ ಹೇಳ್ರಿ” ಎಂದು ಬೈಯುತ್ತಿದ್ದಳು. ಊರಿನವರಿಗೆ ಸುಮ್ಮನಿರಲು ಆಗಲಿಲ್ಲ. ಗಣಿ ದುಡ್ಡು ಕಂಡವರು ಹೆಲಿಕಾಪ್ಟರಿನಲ್ಲಿ ತಿರುಗಾಡುತ್ತಿದ್ದ ದಿನಗಳವು. ಮದುಮಗ ಹೆಲಿಕಾಪ್ಟರಿನಲ್ಲಿ ಇಳಿಯುತ್ತಾನೆ, ಜನ ಮುತ್ತಬಾರದೆಂದು ದಿನ ಮುಚ್ಚಿಟ್ಟಿದ್ದಾರೆ ಎಂದು ಸುದ್ದಿ ಹಬ್ಬಿತು. ತಾಡಪತ್ರಿ ಕೊಳ್ಳಲು ಬಂದ ಡ್ರೈವರೊಬ್ಬ, “ಅಕ್ಕಾರ, ಅದು ಇಳಿಯಾಕ ಜಾಗಾ ಎಲ್ಲಿ ಮಾಡೀರಿ?” ಎಂದು ಕೇಳಿದ. ನಾನು ತಾಳ್ಮೆಯಿಂದ, “ನಿನ್ನ ಲಾರಿ ಮ್ಯಾಲೆ” ಎಂದೆ.

ಮದುವೆಗೆ ವಾರವಿದೆ ಎನ್ನುವಾಗ ಮದುಮಗನ ಫೋನು ನಿಂತುಹೋಯಿತು. ಹಚ್ಚಿದರೆ ಸ್ವಿಚ್ ಆಫ್. ಮುನ್ನಾದಿನ ಅಪ್ಪ ಎಲ್ಲರಿಗೂ ದಿನ ತಿಳಿಸಿದರು, ಮರುದಿನ ಭಾನುವಾರ ಬೆಳಿಗ್ಗೆ ಚಪ್ಪರ ತುಂಬಿತು. ಊರಿನ ಅರ್ಧ ಜನ ಕರೆಯದೆಯೇ ಬಂದು ಆಕಾಶ ನೋಡುತ್ತಾ ನಿಂತಿದ್ದರು. ಕಂಪ್ಲಿಯಿಂದ ಗಂಡಿನವರು ಬಂದಿಳಿದರು. ಎಲ್ಲರೂ ಇಳಿದ ಮೇಲೂ ಗಂಡು ಇಳಿಯಲಿಲ್ಲ.

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಮದುಮಗಳ ಹೂವಿನ ದಂಡೆ ಕಟ್ಟಿಕೊಂಡವಳೇ ಎದ್ದು ಅಂಗಡಿಯ ಒಳಗೆ ಹೋಗಿ ತಾಡಪತ್ರಿಯ ಸುರುಳಿಯ ಮೇಲೆ ಕೂತುಬಿಟ್ಟೆ. ಅತ್ತೆಯಾಗಬೇಕಾದವರು ಹಿಂದೆಯೇ ಬಂದು ಬಾಗಿಲು ಮುಂದಕ್ಕೆಳೆದುಕೊಂಡರು.

“ಅಳಬ್ಯಾಡವ್ವ. ಬರ್ತಾನ. ಮೊನ್ನೆ ಶುಕ್ರವಾರ ಕಾಯಿ ಒಡಿಸೀನಿ.”

“ಕಾಯಿ ಒಡಿಸಿದ್ರ ಬಸ್ ಜಲ್ದಿ ಬರ್ತದೇನ್ರಿ?” ಎಂದೆ. ಸಿಟ್ಟಿನಲ್ಲಿ ಯಾರೆಂದೂ ನೋಡಲಿಲ್ಲ.

ಅವರು ಇನ್ನೂ ಹತ್ತಿರ ಸರಿದು ದನಿ ತಗ್ಗಿಸಿದರು. “ಪ್ರತಿಸಲ ಅದು ಹೋಗೂ ಹಿಂದಿನ ದಿನ ಫೋನ್ ಮಾಡ್ತಾನ. ಅವ್ವಾ, ಗುಡಿಯಾಗ ಒಂದು ಕಾಯಿ ಒಡಿಸು ಅಂತಾನ. ಅಷ್ಟೇ. ಯಾಕಂತ ನಾ ಕೇಳೂದಿಲ್ಲ, ಅವ ಹೇಳೂದಿಲ್ಲ. ಇಷ್ಟು ವರ್ಷಾತು, ನಮ್ಮ ಮನಿಯವರಿಗೂ ಹೇಳಿಲ್ಲ ನಾ. ಮೊನ್ನೆ ಯಾವ್ದೋ ಬ್ಯಾರೆ ನಂಬರಿನಿಂದ ಫೋನ್ ಬಂದಿತ್ತು. ಅಂದ್ರ ನಿನ್ನೆ ಹೋಗೈತಿ. ಅಂದ್ರ ಇವ ಹೊಂಟಾನ. ನೀ ಯಾರ ಮುಂದೂ ಅನ್ನಬ್ಯಾಡ.”

ಅವ್ವನಿಗೂ ಹೇಳುವುದಿಲ್ಲ ಎಂದಿದ್ದರಲ್ಲ, ಕಳ್ಳ. ಆದರೂ ಆ ಹೊಟ್ಟೆಕಿಚ್ಚಿನಲ್ಲೇ ನನಗೆ ಎಲ್ಲಿಲ್ಲದ ಖುಷಿಯಾಯಿತು. ಇಡೀ ಹೊಸಪೇಟೆ ಆಕಾಶ ನೋಡುತ್ತಿತ್ತು, ಗೊತ್ತಿದ್ದದ್ದು ತಾಡಪತ್ರಿಯ ಮೇಲೆ ಕೂತ ನಮ್ಮಿಬ್ಬರಿಗೆ ಮಾತ್ರ. ಮೂಗು ಒರೆಸಿಕೊಂಡು ಹೊರಗೆ ಬಂದು, ಮದುಮಗಳು ಕೂರಬೇಕಾದ ಹಾಗೆ ತಲೆ ತಗ್ಗಿಸಿ ಕೂತೆ.

ಅಯ್ಯನವರು ಮೂರು ಸಲ ಗಡಿಯಾರ ನೋಡಿಕೊಂಡ ಮೇಲೆ ರಸ್ತೆಯಲ್ಲಿ ಹಾರನ್ನು ಕೇಳಿಸಿತು. ಖಾಲಿ ಅದಿರು ಲಾರಿಯೊಂದು ಚಪ್ಪರದ ಬಾಯಿಗೇ ಬಂದು ನಿಂತಿತು. ಅದರ ಹಿಂಬದಿಯಿಂದ, ಅದಿರಿನ ಧೂಳಿಗೆ ಅಡಿಯಿಂದ ಮುಡಿಯವರೆಗೆ ಕೆಂಪಾದ ಮನುಷ್ಯನೊಬ್ಬ ಇಳಿದ, ಹಲ್ಲು ಮಾತ್ರ ಬೆಳ್ಳಗಿತ್ತು. ಮದುಮಗ ಬಳ್ಳಾರಿಯಲ್ಲಿ ಹತ್ತಿದ ಬಸ್ಸು ಕುರೆಕುಪ್ಪದ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡಿತ್ತಂತೆ. ಇಳಿದು ಮೈಲಿಗಟ್ಟಲೆ ನಡೆದು, ಪಾಪಿನಾಯಕನಹಳ್ಳಿಯ ಹತ್ತಿರ ಲಾರಿಗೆ ಕೈ ಮಾಡಿದರೆ, ಅದು ನಮ್ಮ ಗಿರಾಕಿಯದೇ. ಯಾವ ಮದುವೆ ಎಂದು ಕೇಳಿದ ಡ್ರೈವರು ಕ್ಯಾಬಿನ್ನಿನಲ್ಲಿ ಜಾಗವಿಲ್ಲವೆಂದು ಹಿಂದೆ ಕೂರಿಸಿ ತಂದಿದ್ದ. “ನನ್ನ ಲಾರಿ ಮ್ಯಾಲೆ ಇಳಿತದಂತ ನೀವ ಹೇಳಿದ್ರಿ, ಅಕ್ಕಾರ” ಎಂದು ಅವನು ಕೂಗಿದಾಗ ಚಪ್ಪರಕ್ಕೆ ಚಪ್ಪರವೇ ನಕ್ಕಿತು.

ಅವರ ಅಂಗಿಯ ಜೇಬಿನಲ್ಲಿ ಆ ದಿನದ ಪೇಪರಿತ್ತು. ಉಪಗ್ರಹ ಶನಿವಾರ ಮೇಲೆ ಹೋದ ಸುದ್ದಿ, ಹೋದ ಹೊತ್ತಿನ ಸಮೇತ, ಅದರಲ್ಲಿ ಬಂದಿತ್ತು. ಅಪ್ಪ ಅದನ್ನು ಅಜ್ಜಿಗೆ ಓದಿ ಹೇಳಿದರು. ಶನಿವಾರ, ಒಂಬತ್ತು ಹೊಡೆದ ಮೇಲೆ. ಅಜ್ಜಿ ಬೆರಳೆಣಿಸಿ ಅಯ್ಯನವರ ಮುಖ ನೋಡಿದಳು. ಅಯ್ಯನವರು ತುಟಿ ಕಚ್ಚಿ, “ಹೌದ್ರಿ, ರಾಹುಕಾಲ” ಎಂದರು.

“ಈಗ ಗೊತ್ತಾತು ಯಾಕ ಮುಚ್ಚಿಟ್ಟಿದ್ರು ಅಂತ” ಎಂದಳು ಅಜ್ಜಿ. “ರಾಹುಕಾಲದಾಗ ಬಿಡ್ತೀವಿ ಅಂತ ಯಾವ ಮುಖಾ ಇಟ್ಕೊಂಡು ಹೇಳ್ತಾರ?”

ಮುಖ ತೊಳೆದು ಬಾಸಿಂಗ ಕಟ್ಟಿಕೊಂಡು ಪಕ್ಕದಲ್ಲಿ ಕೂತವರು, “ಈಗ ಏನ್ ಬೇಕಾದ್ರೂ ಕೇಳು, ಹೇಳ್ತೀನಿ” ಎಂದು ಪಿಸುಗುಟ್ಟಿದರು. ಕಿವಿಯ ಹಿಂದೆ ಇನ್ನೂ ಕೆಂಪು ಮಣ್ಣಿತ್ತು. ಅಕ್ಷತೆ ಬೀಳುತ್ತಿತ್ತು. ನನಗೆ ಕೇಳಬೇಕೆಂದದ್ದು ಒಂದೂ ನೆನಪಾಗಲಿಲ್ಲ.

ಸಮುದ್ರದಂಡೆಯ ಅವರ ಕೆಲಸದ ಊರಲ್ಲಿ ಕ್ವಾರ್ಟರ್ಸ್ ಸಿಗುವವರೆಗೆ ನಾನು ಕಂಪ್ಲಿಯಲ್ಲಿ ಅತ್ತೆಯ ಜೊತೆಗಿದ್ದೆ. ಒಂದು ಬೆಳಿಗ್ಗೆ ನನ್ನ ಮೊಬೈಲಿಗೆ ಅವರ ಫೋನ್ ಬಂತು. ಊಟ ತಿಂಡಿಯ ಮಾತು ಮುಗಿಸಿ, “ಗುಡಿಯಾಗ ಒಂದು ಕಾಯಿ ಒಡಿಸು” ಎಂದರು. ಅಷ್ಟೇ, ಇಟ್ಟುಬಿಟ್ಟರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಡುಗೆಮನೆಯಿಂದ ಒಂದು ತೆಂಗಿನಕಾಯಿ ಎತ್ತಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಹೊರಟೆ.

ಅತ್ತೆ ಪಡಸಾಲೆಯಲ್ಲಿ ಅಕ್ಕಿ ಕೇರುತ್ತಿದ್ದರು. “ಇವತ್ತೇನು ವಿಶೇಷ?” ಎಂದು ಕೇಳಿದರು.

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. “ಹೇಳೂದಕ್ಕ ಬರೂದಿಲ್ರಿ, ಅತ್ತಿ” ಎಂದೆ.

ಕೇರುವ ಮೊರ ಅವರ ಕೈಯಲ್ಲಿ ನಿಂತಿತು. ಇಷ್ಟು ವರ್ಷ ಆ ಫೋನ್ ಬರುತ್ತಿದ್ದದ್ದು ಅವರಿಗೆ. ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಕಾಯಿಯನ್ನು ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ಬೇರೊಂದು ಕಾಯಿ ತಂದು, ಕಿವಿಯ ಹತ್ತಿರ ಅಲ್ಲಾಡಿಸಿ ನೀರಿದೆಯೇ ಎಂದು ಕೇಳಿಸಿಕೊಂಡು, ನನ್ನ ಕೈಗಿಟ್ಟರು.

“ಅದರಾಗ ನೀರಿಲ್ಲ, ಇದನ್ನ ಒಯ್ಯಿ. ಜಲ್ದಿ ಹೋಗು, ಗುಡಿ ಬಾಗಲಾ ಹಾಕ್ತಾರ” ಎಂದರು.