ಬರಗೂರಿಗೊಂದು ಮೂಟೆ

ಬೆಳಿಗ್ಗೆ ಕಾಫಿ ಆರುವ ಮೊದಲೇ ಫೋನು ತಗಾದೆ ತೆಗೆಯಿತು: ಜಾಗ ತುಂಬಿದೆ, ಏನಾದರೂ ಅಳಿಸಿ. ಹೆಸರಿಲ್ಲದ ಏಳು ನಿಮಿಷದ ಧ್ವನಿಯೊಂದು ಕಣ್ಣಿಗೆ ಬಿತ್ತು. ಅಳಿಸಲು ಬೆರಳಿಟ್ಟವನು, ಇರಲಿ ಎಂದು ಕಿವಿಗಿಟ್ಟುಕೊಂಡೆ. ಮೊದಲು ಒಂದು ಕೆಮ್ಮು. ಆಮೇಲೆ, "ಓದು ಕಣ್ಲಾ, ಕೇಳ್ತೀನಿ." ಕೊಳಾಲದ ನಮ್ಮ ದೊಡ್ಡಮ್ಮ! ಅವಳು ಹೋಗಿ ಎರಡು ವರ್ಷವಾಯಿತು.

ಅವಳಿದ್ದಾಗ ಒಮ್ಮೆ ನಾನು ಪತ್ರಿಕೆಯೊಂದಕ್ಕೆ, ಡೇಟಾ ಸೆಂಟರ್ ಎಂದರೇನೆಂದು ಎಲ್ಲರಿಗೂ ತಿಳಿಯುವಂತೆ ಬರೆದುಕೊಡಲು ಒಪ್ಪಿಬಿಟ್ಟಿದ್ದೆ. ಬರೆದದ್ದು ನನಗೇ ತಿಳಿಯುತ್ತಿರಲಿಲ್ಲ, ಆ ಮಾತು ಬೇರೆ. ದೊಡ್ಡಮ್ಮನ ಮುಂದೆ ಓದಿ, ಅವಳು ಅನ್ನುವುದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡೆ. ಅವಳು ಅವರೆಕಾಯಿ ಬಿಡಿಸುತ್ತಲೇ, "ಯಾರಿಗ್ಲಾ ಬರ್ದಿರೋದು ಇದ್ನ? ನಿನ್ ಫೋಟೋ ಎಲ್ಲಿರ್ತದೆ, ಅಷ್ಟು ಹೇಳು" ಅಂದಳು.

"ಊರೋರ್ದೆಲ್ಲ ಒಂದೇ ಕಟ್ಟಡದಲ್ಲಿ, ಮಿಷಿನ್ ಒಳಗೆ. ಅವು ಕಾಯ್ತವೆ, ತಂಪು ಮಾಡ್ತಾನೇ ಇರ್ಬೇಕು."

"ಹಗೇವು ಅನ್ನು ಮತ್ತೆ!"

ರಾಗಿ ತುಂಬಿಡುವ ನೆಲದೊಳಗಿನ ಕಣಜವೇ ಹಗೇವು. ಅವಳು ಕಂಡಂತೆ ಊರವರ ಹಗೇವುಗಳೆಲ್ಲ ಒಂದೇ ದಿಬ್ಬದಲ್ಲಿದ್ದವು. ಬಾಯಿ ತೆಗೆದರೆ ಬಿಸಿ ಭುಗ್ಗನೆ ಬರುವುದು. ಅದು ಹೋಗುವ ತನಕ ಯಾರೂ ಇಳಿಯುವಂತಿಲ್ಲ.

"ನೀರು ನುಗ್ಗಿದ್ರೆ?" ಅಂದೆ.

"ಅದ್ಕೇ ಬಿತ್ನೆ ರಾಗಿ ಒಂದೇ ಕಡೆ ಇಡ್ತಿರ್ಲಿಲ್ಲ ಕಣ್ಲಾ. ಬರಗೂರಲ್ಲಿ ನಮ್ ನಾದ್ನಿ ಮನೇಲೂ ಒಂದು ಮೂಟೆ ಇರ್ತಿತ್ತು."

ಡೇಟಾ ಸೆಂಟರಿನವರು ಬೇರೆ ಊರಲ್ಲೊಂದು ನಕಲು ಇಡುತ್ತಾರೆಂದು ಹೇಳಲು ನಾನು ಒಂದೂವರೆ ಪುಟ ತೆಗೆದುಕೊಂಡಿದ್ದೆ!

"ಇನ್ನೊಂದು ಕೇಳು. ತೂರ್ದೆ ತುಂಬ್ಬಾರ್ದು. ಬರೀ ಹೊಟ್ಟು ತುಂಬ್ಕಂಡ್ರೆ ಕಾಳಿಗೆಲ್ಲಿ ಜಾಗ?"

ಹಾಳೆಗಳನ್ನು ಅಲ್ಲೇ ಹರಿದೆ. ಲೇಖನ ಹಗೇವಿನಿಂದಲೇ ಶುರುವಾಯಿತು. ಓದಿದವರು ಹೊಗಳಿದಾಗ ಅದು ದೊಡ್ಡಮ್ಮನ ಮಾತು ಎಂದು ಹೇಳಬೇಕಿತ್ತು, ಸುಮ್ಮನೆ ನಕ್ಕೆ. ಇವತ್ತು ಹೇಳುತ್ತಿದ್ದೇನೆ ನೋಡಿ.

ನಕಲು ಇಡಬೇಕೆಂದು ಊರಿಗೆಲ್ಲ ಬರೆದವನ ಹತ್ತಿರ ಅವಳ ದನಿ ಇದ್ದದ್ದು ಇದೊಂದೇ. ಅದರ ಮೇಲೇ ಬೆರಳಿಟ್ಟಿದ್ದೆನಲ್ಲ!

ತೂರಲು ಕೂತೆ. ಶುಭೋದಯದ ಹೂಗಳು ಹೋದವು. ಸಿದ್ದರಬೆಟ್ಟದ ಹದಿನೆಂಟು ಫೋಟೋ, ಎಲ್ಲದರಲ್ಲೂ ಬೆಟ್ಟಕ್ಕಿಂತ ನನ್ನ ಹೊಟ್ಟೆಯೇ ಮುಂದೆ, ಅವೂ ಹೋದವು. ದನಿಗೆ 'ದೊಡ್ಡಮ್ಮ' ಎಂದು ಹೆಸರಿಟ್ಟು, ಬರಗೂರಿನ ಆ ನಾದಿನಿಯ ಮನೆಗೇ ಸೊಸೆಯಾಗಿ ಹೋದ ದೊಡ್ಡಮ್ಮನ ಮಗಳಿಗೆ, ಅಂದರೆ ನಮ್ಮಕ್ಕನಿಗೆ, ಕಳಿಸಿದೆ.

ಏಳು ನಿಮಿಷ ಕಳೆದ ಮೇಲೆ ಅಕ್ಕನ ಫೋನು ಬಂತು. ಮೂಗು ಒರೆಸಿಕೊಂಡ ಸದ್ದು, ಆಮೇಲೆ ಮಾತು:

"ಅವ್ವ ನಮ್ಮನೇಗ್ ಬಂದ್ಬುಟ್ಳು ಕಣ್ಲಾ."