ವರ್ಷಕ್ಕೊಮ್ಮೆಯ ಕೈಗವಸು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕೈಗವಸು ಇಟ್ಟಿದ್ದ ಬೀರು ಹಸಿರೋ ಬೂದೋ, ನಾನು ಹೋದದ್ದು ಊಟಕ್ಕೆ ಮೊದಲೋ ಆಮೇಲೋ, ಆಣೆಯಿಟ್ಟು ಹೇಳಲಾರೆ. ನನ್ನ ದಿನಚರಿಯ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ‘ಚಿಕ್ಕಮ್ಮನ ಫ್ಯಾಕ್ಟರಿಗೆ ಹೋಗಿದ್ದೆ. ಸ್ಟೀಲಿನ ಕೈಗವಸು ನೋಡಿ ತುಂಬ ನಕ್ಕೆ.’ ನಕ್ಕದ್ದನ್ನು ಬರೆದಿಟ್ಟವಳು ಏಕೆ ನಕ್ಕೆನೆಂದು ಬರೆದಿಲ್ಲ. ದಿನಚರಿ ಬರೆಯುವವರನ್ನು ಪೂರ್ತಿ ನಂಬಬೇಡಿ, ಮುಖ್ಯವಾದದ್ದನ್ನೇ ಬಿಟ್ಟಿರುತ್ತೇವೆ.

ಚಿಕ್ಕಮ್ಮ ನಾಗರತ್ನ ಕಗ್ಗದಾಸಪುರದ ಒಂದು ಸಣ್ಣ ಗಾರ್ಮೆಂಟ್ಸಿನಲ್ಲಿ ಕಟಿಂಗ್ ವಿಭಾಗದ ಸೂಪರ್‌ವೈಸರ್. ಉದ್ದ ಮೇಜಿನ ಮೇಲೆ ಗೇಣೆತ್ತರ ಬಟ್ಟೆ ಪೇರಿಸಿ, ನೆಟ್ಟಗೆ ನಿಂತ ಬ್ಲೇಡಿನ ಮೆಷಿನ್ನಿನಿಂದ ಒಂದೇ ಸಲಕ್ಕೆ ನೂರು ತೋಳು, ನೂರು ಕಾಲರು ಕತ್ತರಿಸುತ್ತಾರೆ. ಬಲಗೈ ಮೆಷಿನ್ ತಳ್ಳುತ್ತದೆ. ಎಡಗೈ ಬಟ್ಟೆಯನ್ನು ಅದುಮಿಕೊಂಡು ಬ್ಲೇಡಿನ ಮುಂದೆಯೇ ಸರಿಯುತ್ತದೆ. ಆ ಎಡಗೈಗೆಂದೇ ಸ್ಟೀಲಿನ ಪುಟ್ಟ ಬಳೆಗಳನ್ನು ಹೆಣೆದು ಮಾಡಿದ ಒಂಟಿ ಗವಸು. ಅಂದು ಕತ್ತರಿಸುತ್ತಿದ್ದವರು ಶಿವಾಜಿನಗರದಿಂದ ಬರುವ ಸಲೀಂ ಭಾಯಿ, ಇಪ್ಪತ್ತು ವರ್ಷ ಪಳಗಿದ ಕೈ. ಕೈ ಬರಿದಾಗಿತ್ತು.

‘ಗ್ಲೌಸ್ ಇಲ್ವಾ?’ ಎಂದೆ.

‘ಇಲ್ದೆ ಏನು! ಬಾ, ತೋರಿಸ್ತೀನಿ’ ಎಂದು ಚಿಕ್ಕಮ್ಮ ಬೀರುವಿನ ಬೀಗ ತೆಗೆದು, ಪ್ಲಾಸ್ಟಿಕ್ ಕವರಿನೊಳಗಿಂದ ಅದನ್ನು ಹೊರತೆಗೆದಳು. ‘ನೋಡು, ಹೆಂಗೆ ಫಳಫಳ ಅಂತಿದೆ! ನಮ್ಮ ಹತ್ರ ಬಟ್ಟೆ ತಗೊಳ್ಳೋ ಕಂಪನಿಯೋರು ವರ್ಷಕ್ಕೊಂದ್ಸಲ ಆಡಿಟ್‌ಗೆ ಬರ್ತಾರಲ್ಲ, ಆವಾಗ ಕೊಡ್ತೀನಿ. ದಿನಾ ಹಾಕ್ಕೊಂಡ್ರೆ ಹಿಂಗಿರುತ್ತಾ? ಹಿಂದಿಂದು ಕಳೆದೋದಾಗ ಬೈಸ್ಕೊಂಡೋಳು ನಾನು ಕಣೇ.’

ಗವಸಿನ ಬೆನ್ನ ಮೇಲೆ ಕುಂಕುಮದ ಕಲೆಯಿತ್ತು. ಆಯುಧಪೂಜೆಯ ದಿನವೂ ಅದು ಹೊರಗೆ ಬರುತ್ತದಂತೆ. ಮೆಷಿನ್ನಿನ ಪಕ್ಕ ಕೂತು, ಸೇವಂತಿಗೆ ಇಡಿಸಿಕೊಂಡು, ಮಂಗಳಾರತಿಯಾದ ಮೇಲೆ ಮತ್ತೆ ಒಳಗೆ.

ಸಲೀಂ ಭಾಯಿ ಮೆಷಿನ್ ನಿಲ್ಲಿಸಿ, ‘ಮೇಡಂ, ಅದು ಶಾದಿ ಕೋಟ್ ಇದ್ದಂಗೆ. ದಿನಾ ಸಿಗ್ತದಾ?’ ಎಂದರು.

‘ನಿಮ್ ಶಾದಿ ಕೋಟಿಗೆ ಈಗ ಗುಂಡಿನೇ ಹಾಕಕ್ಕಾಗಲ್ಲ, ಸುಮ್ನೆ ಕಟ್ ಮಾಡ್ರೀ’ ಎಂದಳು ಚಿಕ್ಕಮ್ಮ. ನಕ್ಕೆವು. ನಾನು ಗವಸು ತೊಟ್ಟು ಫೋಟೊ ಕೂಡ ತೆಗೆಸಿಕೊಂಡೆ.

ಚಿಕ್ಕಮ್ಮನನ್ನು ದೂರುವುದು ಹೇಗೆ? ನಮ್ಮದು ಎತ್ತಿಡುವ ವಂಶ. ಪಿಂಗಾಣಿ ಕಪ್ಪುಗಳು ಷೋಕೇಸಿಗೆ, ಹೂವಿನ ಹಾಸು ನೆಂಟರಿಗೆ, ಅಂಚು ಹರಿದದ್ದು ನಮಗೆ. ಒಳ್ಳೆಯ ವಸ್ತು ಇರುವುದು ಬಂದವರು ನೋಡಲಿ ಎಂದು. ಇತಿಹಾಸದಲ್ಲಿ ಎಂ.ಎ. ಮಾಡುವಾಗ ವೀರಗಲ್ಲುಗಳ ಮುಂದೆ ನಿಂತು ಟಿಪ್ಪಣಿ ಬರೆದುಕೊಂಡವಳು ನಾನು. ಹೋರಾಡಿ ಸತ್ತವನಿಗೆ ಕಲ್ಲು ನೆಟ್ಟಿದ್ದಾರೆ. ಗಾಯವಾಗದೆ ಸಂಜೆ ಮನೆಗೆ ಬಂದವನಿಗೆ ಯಾರೂ ನೆಟ್ಟಿಲ್ಲ.

ಇನ್ನು ನನ್ನ ಹೊಟ್ಟೆಪಾಡು ಕೇಳಿ. ಇಂದಿರಾನಗರದ ಆಫೀಸೊಂದರಲ್ಲಿ ಕಾರ್ಖಾನೆಗಳ ಸುರಕ್ಷತಾ ಪೋಸ್ಟರುಗಳನ್ನು ಕನ್ನಡಕ್ಕೆ ತರುತ್ತೇನೆ. ‘ರಕ್ಷಣಾ ಸಾಧನಗಳನ್ನು ಕಡ್ಡಾಯವಾಗಿ ಧರಿಸಿ’ ಎಂದು ಎಷ್ಟು ಸಲ ಬರೆದಿದ್ದೇನೋ, ಪ್ರತಿ ಸಲವೂ ಕೊಕ್ಕರೆಯಂತೆ ಕತ್ತು ಬಗ್ಗಿಸಿಕೊಂಡೇ. ಕತ್ತುನೋವಿಗೆ ಡಾಕ್ಟರು ವ್ಯಾಯಾಮದ ಹಾಳೆ ಕೊಟ್ಟಿದ್ದಾರೆ. ಮಡಿಕೆ ಬೀಳದಂತೆ ಫೈಲಿನಲ್ಲಿಟ್ಟಿದ್ದೇನೆ.

ನಾನು ಫ್ಯಾಕ್ಟರಿಗೆ ಹೋಗಿಬಂದು ತಿಂಗಳಾಗಿರಬೇಕು, ಸಲೀಂ ಭಾಯಿಯ ಎಡಗೈ ತೋರುಬೆರಳು ಬ್ಲೇಡಿಗೆ ಸಿಕ್ಕಿತು. ಬೆರಳು ಉಳಿಯಿತು, ಆದರೆ ಮಡಚಲು ಬರುವುದಿಲ್ಲ. ಬಟ್ಟೆ ಅದುಮಿ ಹಿಡಿಯಲಾಗದ್ದರಿಂದ ಮೆಷಿನ್ ಬಿಡಿಸಿದ್ದಾರೆ. ಬೇರೆಯವರು ಕತ್ತರಿಸಿದ ತುಂಡುಗಳಿಗೆ ನಂಬರು ಚೀಟಿ ಅಂಟಿಸುವುದು ಈಗ ಅವರ ಕೆಲಸ. ಬೆರಳು ಮತ್ತೆ ಮಡಚಿದರೆ ಮಾತ್ರ ಮೆಷಿನ್ ಎಂದು ಯಜಮಾನರ ಮಾತು. ಗವಸು ಈಗ ಮೇಜಿನ ಮೇಲೇ ಇರುತ್ತದಂತೆ. ಹೊಸ ಕಟರ್ ದಿನವೂ ತೊಡುತ್ತಾನೆ, ಮಾಸಿಹೋಗಿದೆ.

ಆ ಸುದ್ದಿ ಕೇಳಿದಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಶಾದಿ ಕೋಟಿನ ಮಾತು ತಮಾಷೆಯೇ ಆಗಿತ್ತೇ? ನೆನಪಿನಲ್ಲಿ ಒಮ್ಮೆ ಸಲೀಂ ಭಾಯಿಯೂ ನಗುತ್ತಿರುತ್ತಾರೆ, ಇನ್ನೊಮ್ಮೆ ನಾವಿಬ್ಬರೇ ನಗುತ್ತಿರುತ್ತೇವೆ. ಫೋಟೊ ಹುಡುಕಿ ನೋಡಿದೆ. ಅದರಲ್ಲಿ ನಾನೊಬ್ಬಳೇ ಇದ್ದೇನೆ, ಹಲ್ಲು ಬಿಟ್ಟುಕೊಂಡು. ಮೇಲಿನವರ ಹತ್ತಿರ ಬೇಕಾದ್ದನ್ನು ತಮಾಷೆ ಮಾಡಿಯೇ ಕೇಳುವವರಿದ್ದಾರೆ. ನಾನೂ ಮ್ಯಾನೇಜರಿಗೆ, ‘ಈ ಕುರ್ಚಿ ನನಗಿಂತ ಮುಂಚೆ ರಿಟೈರ್ ಆಗುತ್ತೆ ಸಾರ್’ ಎಂದಿದ್ದೆ. ಅವರು ಮನಸಾರೆ ನಕ್ಕರು. ಕುರ್ಚಿ ಅದೇ ಇದೆ.

ಹೋದ ಭಾನುವಾರ ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಎದುರು ಕೂತು ನಾನೂ ಸುಲಿಯತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ, ‘ಚಿಕ್ಕಮ್ಮ, ಸಲೀಂ ಭಾಯಿ ಯಾವತ್ತಾದ್ರೂ ಗ್ಲೌಸ್ ಕೊಡಿ ಅಂತ ಬಾಯ್ಬಿಟ್ಟು ಕೇಳಿದ್ರಾ?’ ಎಂದೆ.

ಅವಳು ಒಂದು ಕಾಯಿ ಬಿಡಿಸಿದಳು, ಇನ್ನೊಂದು ಬಿಡಿಸಿದಳು. ‘ಹುಳ ಇರೋದನ್ನೆಲ್ಲ ಹಾಕ್ತಿದೀಯಲ್ಲೇ, ನೋಡ್ಕೊಂಡು ಸುಲಿ’ ಎಂದಳು.

ಮೊರ ತುಂಬುವವರೆಗೂ ಉತ್ತರಕ್ಕೆ ಕಾದೆ.