ಪಕೀರಪ್ಪ ಮೈಕು ತಿರುಗಿಸಿದ್ದು

ರಾಯಚೂರಿನಲ್ಲಿ ಮದುವೆಯಾಗಲಿ, ಉರುಸಾಗಲಿ, ಮೈಕಿನ ಪಕೀರಪ್ಪ ಇಲ್ಲದೆ ನಡೆಯುತ್ತಿರಲಿಲ್ಲ. ಓದಿದ್ದು ಮೂರನೇ ಇಯತ್ತೆ, ಗತ್ತು ಮಾತ್ರ ಇಂಜಿನಿಯರನದು. ಮೈಕಿನ ಬೆನ್ನು ಕಿವುಡು ಎಂಬುದು ಅವನ ವೇದವಾಕ್ಯ. ಅವನ ಹಳೆಯ ಮೈಕಿನ ಮಟ್ಟಿಗೆ ಅದು ನಿಜವೂ ಆಗಿತ್ತು.

೧೯೪೮ರ ಬೇಸಿಗೆಯಲ್ಲಿ ಹೈದರಾಬಾದಿನಿಂದ ವಲಿ ಪಾಷಾ ಎಂಬ ರೆಕಾರ್ಡಿಂಗ್ ಮೇಸ್ತ್ರಿ ಬಂದ. ನಾಟಕ ಕಂಪನಿಯ ಹನ್ನೆರಡು ವಾದ್ಯದವರನ್ನು ಗ್ರಾಮಫೋನ್ ಪ್ಲೇಟಿಗೆ ಇಳಿಸಬೇಕಿತ್ತು. ಖರ್ಚು ಮಾನ್ವಿಯ ಸಾಹುಕಾರರದು. ಅವರ ಪರವಾಗಿ ಬಂದು ಕುಳಿತವನು ಗುಮಾಸ್ತ ವೆಂಕಣ್ಣ. ಬಂದೂಕು ಹಿಡಿದು ಊರೂರಿಗೆ ನುಗ್ಗುವವರಿಗೆ ಸುದ್ದಿ ಮುಟ್ಟಿಸುವವನು ಇವನೇ ಎಂದು ಎಲ್ಲರಿಗೂ ಗೊತ್ತಿತ್ತು.

ಜಾಗ, ಹತ್ತಿಯಿಂದ ಬೀಜ ಬಿಡಿಸುವ, ಆಗ ಮುಚ್ಚಿದ್ದ ಜಿನ್ನು. ಉತ್ತರಕ್ಕೆ ಹಲಗೆಯ ಗೋಡೆ, ಅದರಾಚೆ ಹತ್ತಿ ತುಂಬಿದ ಕೋಣೆ. ಆ ಕೋಣೆಯಲ್ಲಿ ನಾಲ್ಕು ದಿನದಿಂದ ಪಕೀರಪ್ಪನ ತಂಗಿ ಪಾರ್ವತೆಮ್ಮನ ಗಂಡ ಹಂಪಯ್ಯ ಅಡಗಿದ್ದ, ಕೀಲಿ ಪಕೀರಪ್ಪನ ಜೇಬಿನಲ್ಲಿತ್ತು. ದೇವದುರ್ಗದಲ್ಲಿ ತ್ರಿವರ್ಣ ಬಾವುಟ ಹಾರಿಸಿ ಓಡಿ ಬಂದವನು, ಆ ಬಂದೂಕಿನವರಿಗೆ ಸಿಕ್ಕರೆ ಗುಂಡೇ ಗತಿ. ರೆಕಾರ್ಡಿಂಗ್ ಇಲ್ಲೇ ಎಂದು ಪಕೀರಪ್ಪನಿಗೆ ತಿಳಿದದ್ದು ಅದೇ ಬೆಳಿಗ್ಗೆ. ಅವನನ್ನು ಸಾಗಿಸಲು ಹೊತ್ತು ಸಿಗಲಿಲ್ಲ.

ವಲಿ ಪಾಷಾ ಎರಡು ಮೈಕು ತಂದಿದ್ದ. ಎರಡನ್ನೂ ಜೋಡಿಸಿ ಇಡಬೇಕೋ, ಅಗಲಕ್ಕೆ ಇಡಬೇಕೋ ಎಂದು ಅವನು ಯೋಚಿಸುವಾಗ ಪಕೀರಪ್ಪ ಮುಂದೆ ಬಿದ್ದ. ಅಗಲಕ್ಕಿಟ್ಟರೆ ಆ ತುದಿಯ ಪಿಟೀಲೂ ಈ ತುದಿಯ ತಬಲವೂ ಸರಿಯಾಗಿ ಸಿಗುತ್ತವೆ ಎಂದು ವಾದಿಸಿದ. ವಾದ್ಯದವರನ್ನು ದಕ್ಷಿಣದ ಗೋಡೆಗೆ ಕೂರಿಸಿ, ಎರಡೂ ಮೈಕುಗಳ ಬೆನ್ನನ್ನು ಹತ್ತಿ ಕೋಣೆಗೆ ಮಾಡಿದ. ಇನ್ನು ಹೆದರಿಕೆಯಿಲ್ಲ ಎಂದುಕೊಂಡ ಪಾಪ.

ಮೊದಲ ಪ್ಲೇಟು ಹಾಕಿ ಕೇಳಿದರು. ಕ್ಲಾರಿಯೋನೆಟ್ ನಿಂತು ಪಿಟೀಲು ಏಳುವ ನಡುವೆ ಯಾರೋ ಅದುಮಿಟ್ಟುಕೊಂಡು ಕೆಮ್ಮಿದರು. ವಾದ್ಯದವರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಯಾರೂ ಕೆಮ್ಮಿರಲಿಲ್ಲ. ಪಕೀರಪ್ಪನ ಕಣ್ಣು ಹಲಗೆಯ ಗೋಡೆಯತ್ತ ಹೊರಳಿತು.

ವಲಿ ಪಾಷಾ ಅವನ ಮುಖ ನೋಡಿದ, ಏನೋ ತಿಳಿದವನಂತೆ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಭಾಯಿ, ಈ ಮೈಕಿಗೆ ಬೆನ್ನಿಲ್ಲ. ಹಿಂದ ಮುಂದ ಎರಡೂ ಕಡಿ ಕೇಳತದ. ಕಿವುಡಿರೋದು ಬಗಲಷ್ಟ."

ಪಕೀರಪ್ಪ ಹನ್ನೆರಡು ಮಂದಿಯನ್ನೂ ಎಬ್ಬಿಸಿ ಪೂರ್ವದ ಗೋಡೆಗೆ ಕೂರಿಸಿದ. ಮೈಕುಗಳನ್ನು ಅವರತ್ತ ಹೊರಳಿಸಿ, ಬಗಲು ಹತ್ತಿ ಕೋಣೆಗೆ ಬರುವಂತೆ ಅಕ್ಕಪಕ್ಕ ಇಟ್ಟ. ತಬಲದವನು ಗೊಣಗಿದ. ಬಾರಿಸುವಾಗ ಹಲಗೆಗೆ ಒರಗಿ ನಿಂತಿದ್ದ ಪಕೀರಪ್ಪನಿಗೆ ಆಚೆಯ ಕೆಮ್ಮು ಎರಡು ಸಲ ಕೇಳಿತು. ಎರಡನೇ ಪ್ಲೇಟು ಹಾಕಿ ಕೇಳಿದಾಗ ಅದರ ಸುಳಿವೇ ಇರಲಿಲ್ಲ. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

ವೆಂಕಣ್ಣ ಮಾತ್ರ ಎರಡೂ ಪ್ಲೇಟುಗಳನ್ನು ಇನ್ನೊಮ್ಮೆ ಹಾಕಿಸಿ ಕೇಳಿದ. ಅವಸರವೇ ಇಲ್ಲದೆ ಎದ್ದು ಬಂದ.

"ಮಂದೀನೂ ಅವರ, ಜಾಗಾನೂ ಇದ. ನೀ ಆ ಗ್ವಾಡಿ ಕಡಿಂದ ಮೈಕ್ ಹೊಳ್ಳಿಸಿದ ಮ್ಯಾಲ ಕೆಮ್ಮು ಹೋತು, ಪಕೀರಪ್ಪಾ. ಕೋಣಿ ಕೀಲಿ ಯಾರ ಹತ್ರ ಅದ?"

ಕೀಲಿ ತನ್ನ ಹತ್ತಿರ ಇಲ್ಲ ಎನ್ನಲು ಪಕೀರಪ್ಪ ಬಾಯಿ ತೆರೆದ. ವಾದ್ಯಗಳೆಲ್ಲ ನಿಂತಿದ್ದವು. ಹಲಗೆಯಾಚೆ ಹಂಪಯ್ಯ ಮತ್ತೆ ಕೆಮ್ಮಿದ.